ಚರ್ಚಿನ ಬಾಗಿಲಾಚೆ: ನಮ್ಮ ನಂಬಿಕೆ ಮತ್ತು ನೆರೆಹೊರೆಯ ಸೇವೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಜನ ಕೇಳುವ ಪ್ರಶ್ನೆಗಳಿವೆ. ಫೋನಿನಲ್ಲಿ ಹಿಂಜರಿಯುತ್ತಾ ಕೇಳುವಂಥವೂ ಇವೆ, ಸ್ವಲ್ಪ ಸಿಟ್ಟಿನಿಂದಲೇ ಕೇಳುವಂಥವೂ ಇವೆ. ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಪಾಸ್ಟರ್ ಅಲ್ಲ. ಚರ್ಚಿನ ಸೇವಾ ತಂಡದಲ್ಲಿ ಕೆಲವು ವರ್ಷಗಳಿಂದ ಓಡಾಡುತ್ತಿರುವವಳು, ಕುರ್ಚಿ ಜೋಡಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ. ಹಾಗಾಗಿ ಉತ್ತರಗಳಲ್ಲಿ ಬೋಧನೆ ಕಡಿಮೆ, ಅನುಭವ ಜಾಸ್ತಿ.

ನಾನು ಕ್ರೈಸ್ತನಲ್ಲ. ನಿಮ್ಮ ಹತ್ತಿರ ಸಹಾಯ ಕೇಳಬಹುದಾ?

ಕೇಳಬಹುದು. ನೀವು ಯಾವ ಧರ್ಮ, ಚರ್ಚಿಗೆ ಬರುತ್ತೀರಾ ಇಲ್ವಾ, ದೇವರನ್ನು ನಂಬುತ್ತೀರಾ ಇಲ್ವಾ ಎಂದು ನಾವು ಕೇಳುವುದಿಲ್ಲ. ನಮ್ಮ ಫಾರಂನಲ್ಲಿ ಆ ಕಾಲಂ ಇಲ್ಲ. ಮೊದಲು ಇತ್ತು, ತೆಗೆದು ಹಾಕಿದೆವು.

ಸಹಾಯ ತೆಗೆದುಕೊಂಡರೆ ಆಮೇಲೆ ಮತ ಬದಲಿಸಿ ಅಂತ ಹಿಂದೆ ಬೀಳುತ್ತೀರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಕೇಳುವುದು ತಪ್ಪೂ ಅಲ್ಲ. ಕಷ್ಟದಲ್ಲಿರುವವರ ಕೈಗೆ ಒಂದು ಚೀಲ ಕೊಟ್ಟು, ಆ ಚೀಲದ ಜೊತೆಗೇ ಒಂದು ಷರತ್ತನ್ನೂ ಕೊಟ್ಟ ಚರ್ಚುಗಳು ಇತಿಹಾಸದಲ್ಲಿ ಇದ್ದವು. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಮ್ಮನ್ನು ಯಾರೂ ನಂಬುವುದಿಲ್ಲ.

ನಮ್ಮ ಉತ್ತರ: ಇಲ್ಲ. ಇದು ನಮ್ಮ ಒಂದು ಚರ್ಚಿನ ದೊಡ್ಡತನವೇನೂ ಅಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ಬೇರೆ ಪರಿಹಾರ ಸಂಸ್ಥೆಗಳು ಸೇರಿ ಒಂದು ನೀತಿ ಸಂಹಿತೆ ಮಾಡಿದವು. ಅಗತ್ಯ ನೋಡಿ ಮಾತ್ರ ನೆರವು ಕೊಡಬೇಕು, ಒಂದು ಧರ್ಮದ ನಿಲುವನ್ನು ಮುಂದೆ ತಳ್ಳಲು ನೆರವನ್ನು ಬಳಸಬಾರದು ಎಂದು ಅದರಲ್ಲಿದೆ. ಅದನ್ನು ರೂಪಿಸಿದವರಲ್ಲಿ ಕ್ಯಾಥೊಲಿಕರ ಪರಿಹಾರ ಸಂಸ್ಥೆ ಕಾರಿತಾಸ್ ಇತ್ತು, ಚರ್ಚುಗಳ ವಿಶ್ವ ಮಂಡಳಿಯೂ ಇತ್ತು. ಆಮೇಲೆ 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಸಾಕ್ಷಿ ಹೇಳುವ, ಅಂದರೆ ತಮ್ಮ ನಂಬಿಕೆಯನ್ನು ಬೇರೆಯವರಿಗೆ ತಿಳಿಸುವ, ರೀತಿಯ ಬಗ್ಗೆಯೇ ಒಂದು ದಾಖಲೆ ತಂದವು. ಬಡವರ ಕಷ್ಟವನ್ನು ಬಳಸಿಕೊಳ್ಳುವುದಕ್ಕೆ, ಹಣದ ಆಸೆ ತೋರಿಸುವುದಕ್ಕೆ ಕ್ರೈಸ್ತ ಸೇವೆಯಲ್ಲಿ ಜಾಗವಿಲ್ಲ ಎಂಬುದು ಅದರ ಸಾರ. ಈ ಮೂವರು ಒಂದೇ ಮೇಜಿನ ಸುತ್ತ ಕೂತು ಒಪ್ಪುವ ವಿಷಯಗಳು ಕಡಿಮೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನನಗೆ ವೈಯಕ್ತಿಕವಾಗಿ ಹಿಡಿಸುವುದು ಬೈಬಲಿನಲ್ಲಿ ಲೂಕನ ಸುವಾರ್ತೆಯ 17ನೇ ಅಧ್ಯಾಯ. ಹತ್ತು ಮಂದಿ ಕುಷ್ಠರೋಗಿಗಳನ್ನು ಯೇಸು ವಾಸಿಮಾಡುತ್ತಾನೆ. ಹಿಂದಿರುಗಿ ಬಂದು ಕೃತಜ್ಞತೆ ಹೇಳುವವನು ಒಬ್ಬನೇ, ಅವನೂ ಸಮಾರ್ಯದವನು, ಅಂದರೆ ಆ ಕಾಲದ ಲೆಕ್ಕದಲ್ಲಿ ಹೊರಗಿನವನು. ಉಳಿದ ಒಂಬತ್ತು ಜನ ಎಲ್ಲಿ ಎಂದು ಯೇಸು ಕೇಳುತ್ತಾನೆ, ನಿಜ. ಆದರೆ ಅವರು ಬರಲಿಲ್ಲ ಅಂತ ಅವರ ರೋಗವನ್ನು ವಾಪಸ್ ಕೊಡಲಿಲ್ಲ, ಅಲ್ವಾ?

ಹಾಗಾದರೆ ನಿಮ್ಮ ನಂಬಿಕೆಯ ಬಗ್ಗೆ ಬಾಯೇ ಬಿಡುವುದಿಲ್ವಾ?

ಬಿಡುತ್ತೇವೆ, ಕೇಳಿದರೆ. ಪೇತ್ರನ ಮೊದಲ ಪತ್ರದಲ್ಲಿ, 3:15ರಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಏನು ಎಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದಿದೆ, ಅದನ್ನು ಸಾತ್ವಿಕವಾಗಿ, ಗೌರವದಿಂದ ಹೇಳಿ ಎಂದೂ ಇದೆ. ನಮ್ಮಲ್ಲಿ ಹಲವರು ಮೊದಲರ್ಧವನ್ನು ಬಾಯಿಪಾಠ ಮಾಡಿ ಎರಡನೆಯ ಅರ್ಧವನ್ನು ಮರೆತುಬಿಡುತ್ತಾರೆ.

ನಾವು ಯಾಕೆ ಈ ಕೆಲಸ ಮಾಡುತ್ತೇವೆ ಎಂದು ಯಾರಾದರೂ ಕೇಳಿದಾಗ ಸುಮ್ನೆ ಸಮಾಜಸೇವೆ ಎಂದು ಹೇಳಿ ನುಣುಚಿಕೊಳ್ಳುವುದು ನನಗೆ ಇಷ್ಟವಿಲ್ಲ. ಅದು ಒಂಥರಾ ಸುಳ್ಳು. ಹಸಿದವರಿಗೆ, ಬಾಯಾರಿದವರಿಗೆ, ಪರದೇಶಿಗೆ, ಬಟ್ಟೆಯಿಲ್ಲದವರಿಗೆ, ರೋಗಿಗೆ, ಸೆರೆಯಲ್ಲಿರುವವರಿಗೆ ಮಾಡಿದ್ದು ನನಗೇ ಮಾಡಿದ್ದು ಎಂದು ಯೇಸು ಮತ್ತಾಯ 25ರಲ್ಲಿ ಹೇಳಿದ್ದಾನೆ. ಅದನ್ನು ನಿಜ ಎಂದು ನಂಬಿರುವುದರಿಂದಲೇ ನಾವು ಭಾನುವಾರ ಮಧ್ಯಾಹ್ನ ನಿದ್ದೆ ಬಿಟ್ಟು ಬರುವುದು. ಕೇಳಿದವರಿಗೆ ಇಷ್ಟು ಹೇಳುತ್ತೇವೆ. ಕೇಳದವರಿಗೆ ಚೀಲ ಕೊಟ್ಟು, ಹುಷಾರಾಗಿ ಹೋಗಿ ಬನ್ನಿ ಎನ್ನುತ್ತೇವೆ.

ಬಡವರನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ. ಚರ್ಚಿಗೆ ಯಾಕೆ ಬೇಕು ಇದೆಲ್ಲ?

ಸರ್ಕಾರ ಮಾಡಬೇಕಾದ್ದನ್ನು ಸರ್ಕಾರವೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಸರ್ಕಾರಿ ಸವಲತ್ತು ಯಾರಿಗಾದರೂ ಸಿಗಬೇಕಿದ್ದು ಸಿಕ್ಕಿಲ್ಲ ಅಂದರೆ, ಅರ್ಜಿ ತುಂಬಿಕೊಟ್ಟು ಜೊತೆಗೆ ಹೋಗುವುದೂ ನಮ್ಮ ಸೇವೆಯ ಭಾಗವೇ. ಎಷ್ಟೋ ಸಲ ಒಂದು ತಿಂಗಳ ದಿನಸಿಗಿಂತ ಒಂದು ಸರಿಯಾದ ಅರ್ಜಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆದರೆ ಈ ಕೆಲಸ ಚರ್ಚಿಗೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. 4ನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿದ್ದ ಕೈಸರೈಯದ ಬಿಷಪ್ ಬೆಸಿಲ್ ಊರಾಚೆ ರೋಗಿಗಳಿಗೆ, ಪ್ರಯಾಣಿಕರಿಗೆ, ಕುಷ್ಠರೋಗಿಗಳಿಗೆ ಒಂದು ದೊಡ್ಡ ಆಶ್ರಯ ಕಟ್ಟಿಸಿದರು. ಅದಕ್ಕೆ ಸ್ವಲ್ಪ ಮುಂಚೆ, 361ರಿಂದ 363ರವರೆಗೆ ಆಳಿದ ರೋಮ್ ಚಕ್ರವರ್ತಿ ಜೂಲಿಯನ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಅವನು ತನ್ನ ಕಡೆಯ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಗೊಣಗುತ್ತಾನೆ, ಈ ಜನ ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು. ಆಗದವರ ಬಾಯಿಂದ ಬಂದ ಈ ಮಾತಿಗಿಂತ ಒಳ್ಳೆ ಸರ್ಟಿಫಿಕೇಟ್ ಬೇಕಾ!

1780ರ ಹೊತ್ತಿಗೆ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆ ನಡೆಸುವವರು ಭಾನುವಾರದ ಶಾಲೆಗಳನ್ನು ಶುರುಮಾಡಿದರು. ಭಾನುವಾರವೇ ಯಾಕೆ ಅಂದರೆ, ಉಳಿದ ಆರು ದಿನ ಆ ಮಕ್ಕಳು ಕೆಲಸಕ್ಕೆ ಹೋಗುತ್ತಿದ್ದರು. ಈಗ ಸಂಡೇ ಸ್ಕೂಲ್ ಅಂದರೆ ಹಾಡು, ಬಣ್ಣದ ಪೆನ್ಸಿಲ್, ಬೈಬಲ್ ಕತೆ. ಆಗ ಅಲ್ಲಿ ಬೈಬಲ್ ಜೊತೆಗೆ ಓದುವುದನ್ನೇ ಕಲಿಸುತ್ತಿದ್ದರು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ 20 ವರ್ಷದ ವಿದ್ಯಾರ್ಥಿಗೆ, ನಿಮ್ಮ ಚರ್ಚು ಹಿಂದೆ ಏನೇನೋ ಮಾಡಿರಬಹುದು, ಈಗ ಏನು ಮಾಡುತ್ತಿದೆ ಎಂದು ಚರ್ಚೆಯಲ್ಲಿ ಸವಾಲು ಬಿತ್ತು. ಅವನು ವಾದ ಮುಂದುವರಿಸಲಿಲ್ಲ. ಗೆಳೆಯರನ್ನು ಕರೆದುಕೊಂಡು ಬಡವರ ಮನೆಗೆ ಸೌದೆ ಹೊತ್ತುಕೊಂಡು ಹೋದ. ವಿನ್ಸೆಂಟ್ ದಿ ಪೌಲ್ ಸೊಸೈಟಿ ಹುಟ್ಟಿದ್ದು ಹಾಗೆ. ಇವತ್ತಿಗೂ ಅವರ ಮುಖ್ಯ ಕೆಲಸ ಮನೆಗೆ ಹೋಗಿ ಭೇಟಿ ಮಾಡುವುದೇ.

ಮೊದಲ ಸಲ ಭಾನುವಾರದ ಆರಾಧನೆಗೆ ಬಂದರೆ ಏನಾಗುತ್ತದೆ? ಏನೂ ಗೊತ್ತಿಲ್ಲದೆ ಮುಜುಗರ ಆಗಬಾರದಲ್ಲ.

ಏನೂ ಆಗುವುದಿಲ್ಲ. ಹೆಸರು ಕರೆದು ಎಲ್ಲರ ಮುಂದೆ ನಿಲ್ಲಿಸುವುದಿಲ್ಲ. ಕೆಲವು ಚರ್ಚುಗಳಲ್ಲಿ ಹೊಸಬರು ಎದ್ದು ನಿಲ್ಲಿ ಎಂದು ಕೇಳುವ ಅಭ್ಯಾಸ ಇದೆ, ಒಳ್ಳೆ ಮನಸ್ಸಿನಿಂದಲೇ ಕೇಳುತ್ತಾರೆ, ಆದರೆ ನಾಚಿಕೆ ಸ್ವಭಾವದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಾಡು ಇರುತ್ತದೆ, ಪ್ರಾರ್ಥನೆ, ಬೈಬಲ್ ಓದು, ಪ್ರಸಂಗ ಅಂದರೆ ಪಾಸ್ಟರ್ ಉಪದೇಶ. ಜನ ಎದ್ದಾಗ ನೀವೂ ಏಳಬಹುದು, ಕೂತೇ ಇದ್ದರೂ ಯಾರೂ ತಿರುಗಿ ನೋಡುವುದಿಲ್ಲ. ನಾವು ಏನನ್ನು ನಂಬುತ್ತೇವೆ ಎಂದು ಸಾರುವ ವಿಶ್ವಾಸ ಪ್ರಮಾಣವನ್ನು ಎಲ್ಲರೂ ಸೇರಿ ಹೇಳುವಾಗ, ನೀವು ಒಪ್ಪದ ಮಾತನ್ನು ಬಾಯಲ್ಲಿ ಹೇಳಬೇಕಾಗಿಲ್ಲ. ಕಾಣಿಕೆ ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸಿದರೆ ಸಾಕು. ಅತಿಥಿಯಿಂದ ನಾವು ಹಣ ನಿರೀಕ್ಷಿಸುವುದಿಲ್ಲ.

ಪ್ರಭು ಭೋಜನ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ, ಅದೊಂದು ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮ. ರೊಟ್ಟಿ ಮತ್ತು ದ್ರಾಕ್ಷಾರಸ ಯಾರು ತೆಗೆದುಕೊಳ್ಳಬಹುದು ಎಂಬುದಕ್ಕೆ ಒಂದೊಂದು ಸಭೆಯಲ್ಲಿ, ಅಂದರೆ ಕ್ರೈಸ್ತ ಪಂಗಡದಲ್ಲಿ, ಒಂದೊಂದು ಕ್ರಮ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಆಯಾ ಸಭೆಗೆ ಸೇರಿದವರಿಗೆ ಮಾತ್ರ. ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ದೀಕ್ಷಾಸ್ನಾನ ಆದವರಿಗೆಲ್ಲ. ಗೊತ್ತಿಲ್ಲದಿದ್ದರೆ ನಿಮ್ಮ ಜಾಗದಲ್ಲೇ ಕೂತಿರಿ. ಅದರಿಂದ ಯಾರಿಗೂ ಅವಮಾನ ಆಗುವುದಿಲ್ಲ, ನಿಮಗೂ ಬೇಡ.

ಮಗು ಅತ್ತರೆ ಅಳಲಿ. ಪ್ರಸಂಗದ ಮಧ್ಯೆ ಅಳುವ ಮಗು ಇಲ್ಲದ ಚರ್ಚಿನಲ್ಲಿ ಇನ್ನು 20 ವರ್ಷಕ್ಕೆ ಪ್ರಸಂಗ ಕೇಳುವವರೇ ಇರುವುದಿಲ್ಲ.

ಕಾಣಿಕೆಯ ಹಣ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆ ಕೇಳಿದರೆ ಕೆಲವು ಚರ್ಚುಗಳಲ್ಲಿ ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಬಾರದು. ಮೊದಲ ತಲೆಮಾರಿನಲ್ಲಿ ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೇ ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದ್ದ ನೋಡಿ. ಯೆರೂಸಲೇಮಿನ ಬಡವರಿಗಾಗಿ ಬೇರೆ ಬೇರೆ ಊರಿನ ಸಭೆಗಳಿಂದ ಹಣ ಕೂಡಿಸುವಾಗ, ಅದನ್ನು ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು 2 ಕೊರಿಂಥ 8ರಲ್ಲಿ ಬರೆಯುತ್ತಾನೆ. ಅಪೊಸ್ತಲನಿಗೇ ಸಾಕ್ಷಿಗಳು ಬೇಕಿದ್ದವು ಅಂದಮೇಲೆ ನಮ್ಮ ಖಜಾಂಚಿಗೆ ಬೇಡವೇ?

ನಮ್ಮಲ್ಲಿ ನಡೆಯುವುದು ಹೀಗೆ. ತಟ್ಟೆಯ ಹಣವನ್ನು ಒಬ್ಬರೇ ಎಣಿಸುವುದಿಲ್ಲ, ಸಂಬಂಧಿಕರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ. ಸೇವೆಗೆಂದು ಕೊಟ್ಟ ಹಣಕ್ಕೆ ಬೇರೆ ಪುಸ್ತಕ. ಅದರಿಂದ ಚಾವಣಿ ರಿಪೇರಿ ಮಾಡುವ ಹಾಗಿಲ್ಲ, ಚಾವಣಿ ಎಷ್ಟೇ ಸೋರಲಿ. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಆಗುತ್ತದೆ, ವರದಿಯನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ನಿಮ್ಮ ಚರ್ಚಿನಲ್ಲಿ ಇದು ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ.

ಹಳೆಯ ಬಟ್ಟೆ ತಂದು ಕೊಡಬಹುದಾ?

ಒಗೆದು, ಮಡಚಿ, ಗುಂಡಿ ಇರುವುದನ್ನು ತನ್ನಿ. ನೀವೇ ಹಾಕಿಕೊಂಡು ಹೊರಗೆ ಹೋಗಲು ನಾಚುವ ಬಟ್ಟೆಯನ್ನು ಇನ್ನೊಬ್ಬರು ಯಾಕೆ ಹಾಕಬೇಕು? ಒಂದು ಸಲ ನಮಗೆ ಬಂದ ಚೀಲದಲ್ಲಿ ಏಳು ಬೂಟುಗಳಿದ್ದವು, ಏಳೂ ಎಡಗಾಲಿನವು. ಬಲಗಾಲಿನವು ಎಲ್ಲಿ ಹೋದವೋ ಇವತ್ತಿಗೂ ಗೊತ್ತಾಗಿಲ್ಲ.

ಸುಳ್ಳು ಹೇಳಿ ದುಡ್ಡು ಕೇಳಿಕೊಂಡು ಬರುವವರನ್ನು ಹೇಗೆ ಸಂಭಾಳಿಸುತ್ತೀರಿ?

ಬರುತ್ತಾರೆ. ನಾವು ನಗದು ಕೊಡುವುದು ಕಡಿಮೆ. ಔಷಧಿ ಬೇಕು ಅಂದರೆ ಅಂಗಡಿಗೆ ಜೊತೆಗೆ ಹೋಗುತ್ತೇವೆ, ಬಸ್ಸಿಗೆ ಬೇಕು ಅಂದರೆ ಟಿಕೆಟ್ ತೆಗೆಸಿಕೊಡುತ್ತೇವೆ. ಒಬ್ಬರೇ ನಿರ್ಧಾರ ಮಾಡುವುದಿಲ್ಲ, ಇಬ್ಬರು ಮಾತಾಡಿ ಮಾಡುತ್ತೇವೆ. ಇಷ್ಟೆಲ್ಲ ಮಾಡಿದರೂ ಆಗೀಗ ಮೋಸ ಹೋಗಿದ್ದೇವೆ. ಮೋಸ ಹೋಗಬಾರದು ಎಂಬ ಹಟದಲ್ಲಿ ನಿಜವಾಗಿ ಕಷ್ಟದಲ್ಲಿದ್ದ ಒಬ್ಬರನ್ನು ವಾಪಸ್ ಕಳಿಸಿದ್ದೂ ಇದೆ. ಮೋಸ ಹೋಗಿದ್ದು ಈಗ ನೆನಪಾಗುವುದಿಲ್ಲ, ವಾಪಸ್ ಕಳಿಸಿದ್ದು ನೆನಪಾಗುತ್ತದೆ.

ಕಾರ್ಯಕ್ರಮ ಮಾಡಿದರೆ ಜನ ಬರುವುದೇ ಇಲ್ಲ. ನಮ್ಮ ಚರ್ಚಿನಲ್ಲಿ ಏನು ತಪ್ಪಾಗುತ್ತಿದೆ?

ಬೇರೆ ಚರ್ಚುಗಳ ಯುವಕರು ಕೇಳುವ ಪ್ರಶ್ನೆ ಇದು. ನಮ್ಮದೇ ಕತೆ ಹೇಳುತ್ತೇನೆ. ಅಕ್ಕಪಕ್ಕದ ಮಕ್ಕಳಿಗೆ ಸಂಜೆ ಉಚಿತ ಪಾಠ ಅಂತ ಜೋರಾಗಿ ಶುರುಮಾಡಿದೆವು. ಬೋರ್ಡು, ಬೆಂಚು, ಪ್ರಾರ್ಥನೆಯೊಂದಿಗೆ ಉದ್ಘಾಟನೆ, ಎಲ್ಲ ಆಯಿತು. ಮೊದಲ ವಾರ ಮೂರು ಮಕ್ಕಳು. ಎರಡನೇ ವಾರ ಒಂದು, ಅದೂ ನಮ್ಮ ಪಾಸ್ಟರ್ ಮಗಳು. ನಾವೆಲ್ಲ ಬೇಜಾರಾಗಿ, ಈ ಜನಕ್ಕೆ ಬೆಲೆ ಗೊತ್ತಿಲ್ಲ ಎಂದೆಲ್ಲ ಗೊಣಗಿದೆವು. ಕೊನೆಗೆ ಒಬ್ಬರು ಹಿರಿಯರು ಮನೆಮನೆಗೆ ಹೋಗಿ ಸುಮ್ನೆ ಕೂತು ಮಾತಾಡಿ ಬಂದರು. ಸಂಜೆ ಆ ಹೊತ್ತಿಗೆ ತಾಯಂದಿರು ಕೆಲಸದಲ್ಲಿ ಇರುತ್ತಿದ್ದರು, ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳಬೇಕಿತ್ತು. ಅವರಿಗೆ ಬೇಕಿದ್ದದ್ದು ಪಾಠವಲ್ಲ, ಚಿಕ್ಕ ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುವ ಒಂದು ಸುರಕ್ಷಿತ ಜಾಗ.

ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಯೇಸು ಏನು ಮಾಡಿದ? ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದ. ಕುರುಡನಿಗೆ ಏನು ಬೇಕು ಎಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಕೇಳಿದ. ನಾವು ಕೇಳಿರಲಿಲ್ಲ. ನಮಗೆ ಏನು ಕೊಡಲು ಬರುತ್ತದೋ ಅದೇ ಅವರಿಗೆ ಬೇಕು ಎಂದು ಅಂದುಕೊಂಡಿದ್ದೆವು.

ಇನ್ನೊಂದು ಮಾತು. ವರ್ಷಕ್ಕೊಂದು ಭಾರಿ ಕಾರ್ಯಕ್ರಮ ಮಾಡಿ ಮಿಕ್ಕ ದಿನ ಬಾಗಿಲು ಹಾಕಿಕೊಂಡಿರುವುದಕ್ಕಿಂತ, ಪ್ರತಿ ಗುರುವಾರ ಇಬ್ಬರು ಒಂದು ಮೇಜು ಹಾಕಿಕೊಂಡು ಕೂರುವುದು ಮೇಲು. ಮೂರು ತಿಂಗಳು ಯಾರೂ ಬರದಿರಬಹುದು. ನಾಲ್ಕನೇ ತಿಂಗಳು ಯಾರೋ ಒಬ್ಬರಿಗೆ ತುರ್ತು ಬಂದಾಗ, ಗುರುವಾರ ಅಲ್ಲಿ ಯಾರಾದರೂ ಇರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನಮ್ಮವರಿಗೆ ಸಿಗುವುದು ಕಡಿಮೆ, ಅವರಿಗೆ ಜಾಸ್ತಿ ಎಂಬ ದೂರು ಬಂದರೆ?

ಬರದೇ ಇದ್ದರೆ ಆಶ್ಚರ್ಯ. ಚರ್ಚಿನ ಇತಿಹಾಸದಲ್ಲಿ ಸೇವೆಯ ಬಗ್ಗೆ ಬಂದ ಮೊದಲ ದೂರೇ ಅದು. ಅಪೊಸ್ತಲರ ಕೃತ್ಯಗಳು 6 ಓದಿ. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಎಂದು ಗ್ರೀಕ್ ಮಾತಾಡುವವರು ಇಬ್ರಿಯ ಮಾತಿನವರ ಮೇಲೆ ಗುಣುಗುಟ್ಟಿದರು. ಅಪೊಸ್ತಲರು ದೂರು ಹೇಳಿದವರನ್ನು ಗದರಿಸಲಿಲ್ಲ. ಸಭೆಯನ್ನೆಲ್ಲ ಸೇರಿಸಿ ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ದೂರು ಬಂದ ಕಡೆಯವರ ಕೈಗೇ ಸೌಟು ಕೊಟ್ಟಂತೆ ಕಾಣುತ್ತದೆ. ನಮ್ಮ ಸಮಿತಿಯಲ್ಲಿ ಈಗ ಸಹಾಯ ಪಡೆದ ಕುಟುಂಬಗಳಿಂದಲೇ ಇಬ್ಬರಿದ್ದಾರೆ. ಸಮಿತಿಯ ಸಭೆಗಳು ಉದ್ದವಾಗಿವೆ, ತಪ್ಪುಗಳು ಕಡಿಮೆಯಾಗಿವೆ.

ನೀವು ಫೋಟೋ ಯಾಕೆ ಹಾಕುವುದಿಲ್ಲ? ಹಾಕಿದರೆ ದಾನ ಜಾಸ್ತಿ ಬರುತ್ತದಲ್ಲ?

ಬರುತ್ತದೆ. ಆದರೂ ಬೇಡ. ದಾನ ಮಾಡುವಾಗ ತುತ್ತೂರಿ ಊದಿಸಬೇಡಿ ಎಂದು ಮತ್ತಾಯ 6ರಲ್ಲಿ ಇದೆ. ಈಗಿನ ತುತ್ತೂರಿ ಮೊಬೈಲು. ಚೀಲ ಹಿಡಿದು ತಲೆ ತಗ್ಗಿಸಿ ನಿಂತ ತಾಯಿಯ ಫೋಟೋವನ್ನು ನಾಳೆ ಅವಳ ಮಗಳ ಶಾಲೆಯ ಗೆಳತಿಯರೂ ನೋಡುತ್ತಾರೆ. ಸಾಮಾನಿನ ಫೋಟೋ ಹಾಕುತ್ತೇವೆ, ಪಾತ್ರೆ ತೊಳೆಯುವ ನಮ್ಮವರ ಫೋಟೋ ಹಾಕುತ್ತೇವೆ. ಅದಕ್ಕೆ ಲೈಕ್ ಬರುವುದಿಲ್ಲ.

ಸ್ವಯಂಸೇವಕರಾಗಿ ಸೇರಲು ಏನು ಮಾಡಬೇಕು?

ಬಂದು ಹೇಳಿ. ಮೊದಲ ತಿಂಗಳು ತೆರೆಮರೆಯ ಕೆಲಸ ಕೊಡುತ್ತೇವೆ, ಪಟ್ಟಿ ಬರೆಯುವುದು, ಮೂಟೆ ಇಳಿಸುವುದು ಇತ್ಯಾದಿ. ಮಕ್ಕಳ ಜೊತೆ ಕೆಲಸ ಮಾಡಬೇಕೆಂದರೆ ನಿಯಮಗಳು ಬಿಗಿ: ನಿಮ್ಮ ಹಿನ್ನೆಲೆ ವಿಚಾರಿಸುತ್ತೇವೆ, ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವ ಹಾಗಿಲ್ಲ, ಮಗು ಏನಾದರೂ ಹೇಳಿದರೆ ಅದನ್ನು ಚರ್ಚಿನೊಳಗೇ ಮುಚ್ಚಿಡುವ ಹಾಗಿಲ್ಲ, ಪೊಲೀಸರಿಗೆ ತಿಳಿಸಬೇಕಾದ್ದನ್ನು ತಿಳಿಸಬೇಕು. ಪಾಸ್ಟರ್‌ಗೂ ಇದೇ ನಿಯಮ. ನನ್ನ ಮೇಲೆ ನಂಬಿಕೆ ಇಲ್ವಾ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಮನೆಗೆ ಅಥವಾ ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡುತ್ತೀರಾ?

ಕರೆದರೆ ಬರುತ್ತೇವೆ. ರೋಗಿಯನ್ನೇ ಕೇಳುತ್ತೇವೆ, ಮನೆಯವರನ್ನಲ್ಲ. ಬೇಡ ಅಂದರೆ ಸುಮ್ನೆ ಹತ್ತು ನಿಮಿಷ ಕೂತು ಬರುತ್ತೇವೆ. ಔಷಧಿ ನಿಲ್ಲಿಸಿ, ಪ್ರಾರ್ಥನೆ ಸಾಕು ಎಂದು ನಮ್ಮ ಹೆಸರಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಮಗೆ ತಿಳಿಸಿ. ಲೂಕನನ್ನು ಪೌಲನೇ ಪ್ರಿಯ ವೈದ್ಯ ಎಂದು ಕರೆದಿದ್ದಾನೆ. ವೈದ್ಯರ ಮೇಲೆ ನಮಗೆ ಯಾವ ಮುನಿಸೂ ಇಲ್ಲ.

ಕೂತು ಕೇಳಿಸಿಕೊಳ್ಳುವುದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. 1953ರಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ, ಸಾಯುವ ಯೋಚನೆಯಲ್ಲಿರುವವರು ಕರೆ ಮಾಡಲಿ ಎಂದು ತಮ್ಮ ಚರ್ಚಿನಲ್ಲಿ ಒಂದು ಫೋನ್ ಇಟ್ಟರು. ನೇರವಾಗಿ ಬರುವವರೂ ಇದ್ದರು. ಅವರ ಸರದಿ ಬರುವ ತನಕ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಸ್ವಲ್ಪ ದಿನಕ್ಕೆ ಪಾದ್ರಿಗೆ ಒಂದು ವಿಷಯ ಗೊತ್ತಾಯಿತು. ಆ ಮಾತಿನಲ್ಲೇ ಎಷ್ಟೋ ಜನರ ಭಾರ ಇಳಿದು, ಅವರು ಪಾದ್ರಿಯನ್ನು ನೋಡದೆಯೇ ಮನೆಗೆ ಹೋಗುತ್ತಿದ್ದರು. ಆಮೇಲೆ ಆ ಕೆಲಸವನ್ನು ಸ್ವಯಂಸೇವಕರಿಗೇ ಬಿಟ್ಟುಕೊಟ್ಟರು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ. ಅದು ಯಾರಿಗೂ ಧರ್ಮ ಬೋಧಿಸುವುದಿಲ್ಲ.

ಬೇರೆ ಧರ್ಮದವರ ಜೊತೆ ಸೇರಿ ಕೆಲಸ ಮಾಡುತ್ತೀರಾ?

ಮಾಡುತ್ತೇವೆ. ನೆರೆ ಬಂದಾಗ ಮರಳಿನ ಚೀಲ ಹೊರುವುದಕ್ಕೆ ಯಾವ ಶಾಸ್ತ್ರದ ಒಪ್ಪಿಗೆಯೂ ಬೇಕಾಗಿಲ್ಲ.

ನಾನು ಚರ್ಚಿಗೆ ಬರುವವನೇ, ಆದರೆ ಈಗ ನಂಬಿಕೆ ಅಲುಗಾಡುತ್ತಿದೆ. ಸೇವೆ ಮಾಡಬಹುದಾ?

ಬನ್ನಿ. ಮಗನಿಗಾಗಿ ಬೇಡಿಕೊಂಡು ಬಂದ ಒಬ್ಬ ತಂದೆ ಮಾರ್ಕ 9ರಲ್ಲಿ ಯೇಸುವಿಗೆ ಹೇಳುತ್ತಾನೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದವನ ಮಗ ವಾಸಿಯಾದ. ನನಗೂ ಕೆಲವು ವರ್ಷ ಪ್ರಾರ್ಥನೆ ಮಾಡಲು ಬಾಯಿ ಬರುತ್ತಿರಲಿಲ್ಲ. ಆಗ ತರಕಾರಿ ಹೆಚ್ಚುತ್ತಿದ್ದೆ. ಹೆಚ್ಚುತ್ತಾ ಹೆಚ್ಚುತ್ತಾ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಹಾಡುವುದನ್ನು ಕೇಳುತ್ತಿದ್ದೆ. ಅಷ್ಟೇ ಇತ್ತು ನನ್ನ ಆರಾಧನೆ.

ಹಿಂದೆ ಒಂದು ಚರ್ಚಿನಿಂದ ನನಗೆ ತುಂಬ ನೋವಾಗಿದೆ. ಮತ್ತೆ ಬರಲು ಮನಸ್ಸಾಗುತ್ತಿಲ್ಲ.

ಬರಲೇಬೇಕು ಎಂದು ನಾನು ಹೇಳುವುದಿಲ್ಲ. ಎಲ್ಲ ಮರೆತುಬಿಡಿ, ಕ್ಷಮಿಸಿಬಿಡಿ ಎಂದು ಯಾರಾದರೂ ಅವಸರ ಮಾಡಿದರೆ ಅವರ ಮಾತು ಕೇಳಬೇಡಿ. ಆದದ್ದು ಅಪರಾಧವಾದರೆ ದೂರು ಕೊಡಿ, ಜೊತೆಗೆ ಯಾರಾದರೂ ಬೇಕಿದ್ದರೆ ನಾವು ಬರುತ್ತೇವೆ. ಅಪರಾಧವಲ್ಲ, ಮಾತಿನ ಗಾಯ ಎಂದಾದರೆ, ಅದನ್ನು ಹೇಳಿಕೊಳ್ಳಲು ಆರಾಧನೆ ಇಲ್ಲದ ದಿನ, ಚರ್ಚಿನ ಹೊರಗೆ ಎಲ್ಲಾದರೂ ಭೇಟಿಯಾಗಬಹುದು.

ಯಾರ ಜೊತೆಗೂ ಮಾತಾಡದೆ ಸುಮ್ನೆ ಬಂದು ಕೂತು ಹೋಗಬಹುದಾ?

ಹೌದು. ವಾರದ ದಿನಗಳಲ್ಲಿ ಹಗಲು ಬಾಗಿಲು ತೆಗೆದಿರುತ್ತದೆ. ಎಡಗಡೆಯ ಕೊನೆಯ ಬೆಂಚಿಗೆ ಗಾಳಿ ಚೆನ್ನಾಗಿ ಬರುತ್ತದೆ. ಕಸ ಗುಡಿಸುವವರು ಬಂದರೆ ಕಾಲು ಎತ್ತಿದರೆ ಸಾಕು.